ಕೆ.ಆರ್. ಸರ್ಕಲ್‌ನ ಕಾಲೇಜು: ಒಂದು ಬಾಗಿಲಿನ ಕಥೆ

1/10

ಬೆಂಗಳೂರಲ್ಲಿ ಬಸ್ಸಲ್ಲಿ ಓಡಾಡೋರಿಗೆ ಕೆ.ಆರ್. ಸರ್ಕಲ್ ಗೊತ್ತೇ ಇರುತ್ತೆ. ಒಂದು ಕಡೆ ಕಬ್ಬನ್ ಪಾರ್ಕ್, ಇನ್ನೊಂದು ಕಡೆ ನೃಪತುಂಗ ರಸ್ತೆ, ಸ್ವಲ್ಪ ಮುಂದೆ ಹೋದರೆ ವಿಧಾನಸೌಧ. ಸಿಗ್ನಲ್ ಬಿದ್ದಾಗ ಮೊಬೈಲ್ ಕೆಳಗಿಟ್ಟು ಕಿಟಕಿ ಆಚೆ ನೋಡಿ. ಹಳೇ ಕಾಲದ ಕಟ್ಟಡ, ಸುತ್ತ ಮರಗಳು, ಗೇಟಿನ ಹತ್ತಿರ ಬ್ಯಾಗು ಹಾಕ್ಕೊಂಡು ನಿಂತಿರೋ ನಮ್ಮ ವಯಸ್ಸಿನವರು. ಅದೇ ಯುವಿಸಿಇ. ಪೂರ್ತಿ ಹೇಳಬೇಕಂದ್ರೆ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು. ಮೈಸೂರು ಸಂಸ್ಥಾನದ ಮೊದಲ ಎಂಜಿನಿಯರಿಂಗ್ ಕಾಲೇಜು. ಶುರುವಾಗಿದ್ದು 1917ರಲ್ಲಿ.

"ಬಿಕಾಂ ಓದೋಳಿಗೆ ಎಂಜಿನಿಯರಿಂಗ್ ಕಾಲೇಜಿನ ಇತಿಹಾಸ ಯಾಕೆ?" ಅಂತ ನಮ್ಮ ಕ್ಲಾಸಿನವರು ಈಗಾಗಲೇ ಕೇಳಿ ಆಯ್ತು. ಉತ್ತರ ಒಂಬತ್ತನೇ ಪೋಸ್ಟಲ್ಲಿದೆ, ಅಲ್ಲಿವರೆಗೂ ಸ್ವಲ್ಪ ತಾಳ್ಮೆ ಇರಲಿ.

ಸಾಮಾನ್ಯವಾಗಿ ಒಂದು ಕಾಲೇಜಿನ ಇತಿಹಾಸ ಅಂದ್ರೆ ಏನು ಬರೀತಾರೆ? ಯಾವ ವರ್ಷ ಕಟ್ಟಿದ್ದು, ಯಾರು ಉದ್ಘಾಟನೆ ಮಾಡಿದ್ದು, ಎಷ್ಟು ಲ್ಯಾಬು, ಎಷ್ಟು ಕೋರ್ಸು, ಯಾರ್ಯಾರು ದೊಡ್ಡವರು ಇಲ್ಲಿ ಓದಿದ್ದು. ಅದೂ ಬೇಕು, ಬೇಡ ಅನ್ನಲ್ಲ. ಆದರೆ ಈ ಸೀರೀಸ್‌ನಲ್ಲಿ ನಾನು ಒಂದೇ ಪ್ರಶ್ನೆ ಹಿಡ್ಕೊಂಡು ಹೋಗ್ತೀನಿ: ಈ ಬಾಗಿಲು ಯಾರಿಗೆ ತೆರೀತು? ಒಳಗೆ ಹೋಗೋಕೆ ಏನೇನು ಬೇಕಿತ್ತು? ಬುದ್ಧಿ ಒಂದೇ ಸಾಕಿತ್ತಾ, ದುಡ್ಡೂ ಬೇಕಿತ್ತಾ, ಹುಟ್ಟಿದ ಜಾತಿನೂ ಲೆಕ್ಕಕ್ಕೆ ಬರ್ತಿತ್ತಾ?

ಇನ್ನೊಂದು ವಿಷಯ ಗಮನಿಸಿ. ಸರ್ಕಲ್ಲಿಗೆ ಇರೋದು ರಾಜರ ಹೆಸರು, ಕೃಷ್ಣರಾಜೇಂದ್ರ. ಅಂದ್ರೆ ನಾಲ್ವಡಿ ಕೃಷ್ಣರಾಜ ಒಡೆಯರ್. ಕಾಲೇಜಿಗೆ ಇರೋದು ಅವರ ದಿವಾನರ ಹೆಸರು, ಸರ್ ಎಂ. ವಿಶ್ವೇಶ್ವರಯ್ಯ. ಇಬ್ಬರೂ ಸೇರಿ ಈ ರಾಜ್ಯ ಕಟ್ಟಿದವರು. ಆದರೆ ಇಬ್ಬರ ನಡುವೆ ಒಂದು ದೊಡ್ಡ ಭಿನ್ನಾಭಿಪ್ರಾಯ ಬಂತು. ಅದು ಬಂದದ್ದು ನಾನು ಕೇಳ್ತಿರೋ ಈ ಬಾಗಿಲಿನ ಪ್ರಶ್ನೆ ಮೇಲೇನೇ.

ಮೊದಲು ಕಾಲೇಜೇ ಇಲ್ಲದ ಕಾಲಕ್ಕೆ ಹೋಗೋಣ.

2/10

1881. ಐವತ್ತು ವರ್ಷ ಬ್ರಿಟಿಷರ ಕೈಲಿದ್ದ ಮೈಸೂರು ಸಂಸ್ಥಾನ ವಾಪಸ್ ಒಡೆಯರಿಗೆ ಬಂದ ವರ್ಷ. ಅದೇ ವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಒಬ್ಬ ಹುಡುಗ ಬಿ.ಎ. ಮುಗಿಸಿದ. ಊರು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡಿದ್ದರು. ಬೆಂಗಳೂರಲ್ಲಿ ಸೋದರಮಾವನ ಆಸರೆ ಇತ್ತು, ಆದರೆ ಓದಿನ ಖರ್ಚಿಗೆ ಅದು ಸಾಲದು. ಹಾಗಾಗಿ ಒಬ್ಬ ಅಧಿಕಾರಿಯ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಆ ದುಡ್ಡಲ್ಲಿ ತನ್ನ ಪಾಠ ಕಲಿತ.

ನಮ್ಮಲ್ಲಿ ಎಷ್ಟು ಜನ ಸಂಜೆ ಟ್ಯೂಷನ್ ಹೇಳ್ತೀರಿ, ಕೈ ಎತ್ತಿ!

ಆ ಹುಡುಗನಿಗೆ ಎಂಜಿನಿಯರಿಂಗ್ ಓದಬೇಕು ಅಂತ ಆಸೆ. ಆದರೆ ಇಡೀ ಮೈಸೂರು ಸಂಸ್ಥಾನದಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜೂ ಇರಲಿಲ್ಲ. ಇಡೀ ದೇಶದಲ್ಲೇ ಬೆರಳೆಣಿಕೆ: ರೂರ್ಕಿ, ಮದರಾಸು, ಕಲ್ಕತ್ತೆ ಹತ್ತಿರದ ಶಿಬ್‌ಪುರ, ಪೂನಾ. ಮೈಸೂರು ಸರ್ಕಾರ ಒಂದು ವಿದ್ಯಾರ್ಥಿವೇತನ ಕೊಟ್ಟಿತು. ಅದನ್ನು ನಂಬಿಕೊಂಡು ಹುಡುಗ ಪೂನಾದ ಕಾಲೇಜ್ ಆಫ್ ಸೈನ್ಸ್‌ಗೆ ಹೋದ. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು. ಬೊಂಬಾಯಿ ಸರ್ಕಾರ ತಕ್ಷಣ ಕೆಲಸ ಕೊಟ್ಟಿತು.

ಇಲ್ಲಿ ಒಂದು ಲೆಕ್ಕ ನೋಡಿ. ದುಡ್ಡು ಹಾಕಿದ್ದು ಮೈಸೂರು, ಲಾಭ ಹೋಗಿದ್ದು ಬೊಂಬಾಯಿಗೆ. ಆ ಎಂಜಿನಿಯರ್ ಸುಮಾರು ಇಪ್ಪತ್ನಾಲ್ಕು ವರ್ಷ ಅಲ್ಲೇ ದುಡಿದರು. ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದಿದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಹೌದು, ಅವರೇ ವಿಶ್ವೇಶ್ವರಯ್ಯ.

ನಾವು ಸೆಪ್ಟೆಂಬರ್ 15ಕ್ಕೆ ಎಂಜಿನಿಯರ್ಸ್ ಡೇ ಸ್ಟೇಟಸ್ ಹಾಕ್ತೀವಲ್ಲ, ಆಗ ಅವರ ಪೇಟ, ಕೋಟು, ಕೆ.ಆರ್.ಎಸ್. ಅಣೆಕಟ್ಟು ಹಾಕ್ತೀವಿ. ಆ ವಿದ್ಯಾರ್ಥಿವೇತನ ಮಾತ್ರ ಹಾಕಲ್ಲ. ಅದು ಇಲ್ಲದಿದ್ದರೆ ಮಿಕ್ಕಿದ್ದು ಯಾವುದೂ ಇಲ್ಲ. ಬುದ್ಧಿ ಆ ಹುಡುಗನದ್ದೇ. ಆದರೆ ಪೂನಾ ತನಕ ತಲುಪಿಸಿದ್ದು ಸರ್ಕಾರದ ದುಡ್ಡು. ಈ ಮಾತು ನೆನಪಿಟ್ಕೊಳ್ಳಿ, ಐದನೇ ಪೋಸ್ಟಲ್ಲಿ ಬೇಕಾಗುತ್ತೆ.

3/10

ಈಗ ದಿವಾನರ ಕಾಲ. 1912ರಿಂದ 1918. ಆ ಆರು ವರ್ಷದ ಪಟ್ಟಿ ಓದಿದರೆ ಉಸಿರು ಕಟ್ಟುತ್ತೆ.

1913ರಲ್ಲಿ ಮೈಸೂರು ಬ್ಯಾಂಕ್. ನಾವು ಬ್ಯಾಂಕಿಂಗ್ ಪೇಪರ್‌ಗೆ ಓದ್ತೀವಲ್ಲ, ಆಮೇಲೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಗಿ ಕೊನೆಗೆ ಎಸ್‌ಬಿಐ ಒಳಗೆ ಸೇರಿಹೋದದ್ದು, ಅದೇ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಅದೇ ವರ್ಷ ವಾಣಿಜ್ಯ ಮಂಡಳಿ, ಗಂಧದೆಣ್ಣೆ ಕಾರ್ಖಾನೆ. ಇದೆಲ್ಲದರ ಜೊತೆಗೆ 1911ರಲ್ಲಿ ಶುರುವಾಗಿದ್ದ ಕನ್ನಂಬಾಡಿ ಕಟ್ಟೆ ಕೆಲಸ ನಡೀತಾನೇ ಇತ್ತು.

ಶಿವನಸಮುದ್ರದಲ್ಲಿ 1902ರಿಂದಲೇ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿತ್ತು. ಕಟ್ಟೆ, ಕಾಲುವೆ, ಕರೆಂಟು, ಕಾರ್ಖಾನೆ ಎಲ್ಲಾ ಇದೆ. ಇದನ್ನು ನಡೆಸೋಕೆ ಎಂಜಿನಿಯರ್ ಎಲ್ಲಿಂದ ಬರಬೇಕು? ಮತ್ತೆ ಪೂನಾಗೆ, ಮದರಾಸಿಗೆ ಕಳಿಸಬೇಕಾ? ಅಲ್ಲಿ ಮೊದಲ ಆದ್ಯತೆ ಅಲ್ಲಿಯವರಿಗೆ. ನಮ್ಮವರಿಗೆ ಸಿಕ್ಕಷ್ಟೇ ಸಿಕ್ಕಿದ್ದು.

ಹೀಗೆ 1917ರಲ್ಲಿ ಬೆಂಗಳೂರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾಯ್ತು. ದೊಡ್ಡ ಕ್ಯಾಂಪಸ್ ಇಲ್ಲ, ಹೊಸ ಕಟ್ಟಡಕ್ಕೆ ಕಾಯಲಿಲ್ಲ. ಲೋಕೋಪಯೋಗಿ ಇಲಾಖೆಯ ಕಟ್ಟಡದಲ್ಲಿ ಜಾಗ ಮಾಡಿಕೊಂಡರು. ಸಿವಿಲ್ ಮತ್ತು ಮೆಕ್ಯಾನಿಕಲ್ ವಿಭಾಗ, ಸುಮಾರು 20 ವಿದ್ಯಾರ್ಥಿಗಳು. ಹಿಂದಿನ ವರ್ಷ ತಾನೇ ಹುಟ್ಟಿದ್ದ ಮೈಸೂರು ವಿಶ್ವವಿದ್ಯಾಲಯದ ಕೆಳಗೆ ಈ ಕಾಲೇಜು.

20 ಜನ! ನಮ್ಮ ಕ್ಲಾಸಿನ ಕೊನೇ ಮೂರು ಬೆಂಚಲ್ಲಿ ಅಷ್ಟು ಜನ ಕೂತಿರ್ತೀವಿ. ಆದರೆ ಆ ಕಾಲಕ್ಕೆ ಒಂದು ದೇಶೀ ಸಂಸ್ಥಾನ ತನ್ನ ಖರ್ಚಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯೋದು ಅಂದ್ರೆ ಸಣ್ಣ ಮಾತಲ್ಲ. ಮುದ್ದೇನಹಳ್ಳಿ ಹುಡುಗನಿಗೆ 1881ರಲ್ಲಿ ಸಿಗದಿದ್ದ ಬಾಗಿಲನ್ನು ಅದೇ ಹುಡುಗ ದಿವಾನನಾಗಿ 1917ರಲ್ಲಿ ತೆರೆದ. ನಡುವೆ ಕಳೆದದ್ದು 36 ವರ್ಷ.

4/10

ಒಳಗೆ ಏನು ಕಲಿಸ್ತಿದ್ರು?

ಎಂಜಿನಿಯರಿಂಗ್ ಅಂದ ಕೂಡಲೇ ನಮ್ಮ ಕಣ್ಣಿಗೆ ಲ್ಯಾಪ್‌ಟಾಪ್ ಬರುತ್ತೆ. ಆಗ ಎಂಜಿನಿಯರಿಂಗ್ ಓದುವವರ ಕೈಲಿ ಇರ್ತಿದ್ದದ್ದು ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಲೆಕ್ಕಕ್ಕೆ ಸ್ಲೈಡ್ ರೂಲು. ಸಿವಿಲ್‌ನವರು ಸರಪಳಿ ಹಿಡಿದು ಬಿಸಿಲಲ್ಲಿ ನೆಲ ಅಳೀಬೇಕು. ಮೆಕ್ಯಾನಿಕಲ್‌ನವರು ವರ್ಕ್‌ಶಾಪಲ್ಲಿ ಕಬ್ಬಿಣ ಕಾಯಿಸಿ ಬಡೀಬೇಕು, ಮರ ಕೊಯ್ದು ಜೋಡಿಸಬೇಕು, ಎರಕ ಹೊಯ್ಯಬೇಕು.

ಒಂದು ಕ್ಷಣ ಯೋಚ್ನೆ ಮಾಡಿ. ಕಮ್ಮಾರಿಕೆ, ಬಡಗಿತನ, ಎರಕದ ಕೆಲಸ. ಇವೆಲ್ಲಾ ನಮ್ಮೂರಲ್ಲಿ ಒಂದೊಂದು ಜಾತಿಯ ಕಸುಬು. ಆ ಕಸುಬಿನವರ ಮಕ್ಕಳು ಸ್ಕೂಲಿನ ಮೆಟ್ಟಿಲು ಹತ್ತೋದೇ ಕಷ್ಟ ಇದ್ದ ಕಾಲ. ಕೈಕೆಲಸ ತಲೆತಲಾಂತರದಿಂದ ಬಲ್ಲವರು ಹೊರಗೆ, ಅದೇ ಕೈಕೆಲಸವನ್ನು ಇಂಗ್ಲಿಷ್ ಪುಸ್ತಕದಿಂದ ಕಲಿಯೋರು ಒಳಗೆ. ಇದು ಬರೀ ಬೆಂಗಳೂರಿನ ಕಥೆ ಅಲ್ಲ, ಆ ಕಾಲದ ಎಲ್ಲಾ ಎಂಜಿನಿಯರಿಂಗ್ ಕಾಲೇಜುಗಳದ್ದೂ ಇದೇ ಕಥೆ. ಇಂಗ್ಲಿಷ್ ಬರಬೇಕು, ಹೈಸ್ಕೂಲು, ಇಂಟರ್‌ಮೀಡಿಯೆಟ್ ದಾಟಿರಬೇಕು. ಅಷ್ಟು ಓದಿಸೋಕೆ ಯಾರ ಮನೆಯಲ್ಲಿ ಆಗ್ತಿತ್ತು?

ಇನ್ನು ಮೊದಲ ದಿನಗಳ ಮೇಷ್ಟ್ರುಗಳಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ಎಸ್.ವಿ. ಸೆಟ್ಟಿ. ಮೈಸೂರಿನವರು. ರೂರ್ಕಿಯಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ ಆವ್ರೊ ಅನ್ನೋ ವಿಮಾನ ಕಂಪನಿಯಲ್ಲಿ ವಿಮಾನ ಕಟ್ಟೋದು, ಹಾರಿಸೋದು ಎರಡನ್ನೂ ಕಲಿತವರು. ರೈಟ್ ಸಹೋದರರು ಹಾರಿ ಇನ್ನೂ ಹತ್ತು ವರ್ಷವೂ ಆಗದ ಕಾಲ ಅದು! ಹಾಗೆ ಕಲಿತು ಬಂದ ಮನುಷ್ಯ ಬೆಂಗಳೂರಲ್ಲಿ ಎಂಜಿನಿಯರಿಂಗ್ ಪಾಠ ಹೇಳಿದರು.

1918ರಲ್ಲಿ ಪ್ರಪಂಚಕ್ಕೆಲ್ಲಾ ಬಂದ ಇನ್‌ಫ್ಲುಯೆಂಜಾ ಬೆಂಗಳೂರಿಗೂ ಬಂತು. ಸೆಟ್ಟಿಯವರು ಅದಕ್ಕೇ ಬಲಿಯಾದರು, ನಲವತ್ತೂ ತುಂಬಿರಲಿಲ್ಲ. ಕೋವಿಡ್ ನೋಡಿರೋ ನಮಗೆ ಇದನ್ನು ವಿವರಿಸಿ ಹೇಳೋದು ಬೇಕಿಲ್ಲ.

5/10

ಈಗ ಆ ಭಿನ್ನಾಭಿಪ್ರಾಯಕ್ಕೆ ಬರೋಣ. ಇದನ್ನು ಓದುವಾಗ ಯಾರ ಪಕ್ಷ ಅಂತ ಬೇಗ ತೀರ್ಮಾನ ಮಾಡ್ಬೇಡಿ.

ಕಾಲೇಜು ಶುರುವಾದ 1917ರಲ್ಲೇ ಮೈಸೂರು ಸಂಸ್ಥಾನದ ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಳಿ ಅಂತ ಒಂದು ಸಂಘಟನೆ ಕಟ್ಟಿದರು. ಅವರ ಮಾತು ಸರಳ. ಜನಸಂಖ್ಯೆಯಲ್ಲಿ ತೀರಾ ಚಿಕ್ಕ ಪಾಲಿರುವ ಒಂದೇ ಸಮುದಾಯದವರು ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಬಹುಪಾಲು ತುಂಬಿದ್ದಾರೆ. ಒಕ್ಕಲಿಗ, ಲಿಂಗಾಯತ, ಕುರುಬ, ಮುಸ್ಲಿಂ, ಮಿಕ್ಕ ಎಲ್ಲಾ ಸಮುದಾಯದವರು ತೆರಿಗೆ ಕಟ್ತಾರೆ, ಆದರೆ ಕಚೇರಿಯಲ್ಲಿ ಕಾಣಲ್ಲ. ಇದಕ್ಕೇನು ಮಾಡ್ತೀರಿ ಅಂತ ಮಹಾರಾಜರನ್ನೇ ಕೇಳಿದರು.

ನಾಲ್ವಡಿಯವರು 1918ರಲ್ಲಿ ಒಂದು ಸಮಿತಿ ನೇಮಿಸಿದರು. ಅಧ್ಯಕ್ಷರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್. ವರದಿ ಬಂದದ್ದು 1919ರಲ್ಲಿ: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬೇಕು. 1921ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಇಡೀ ದೇಶದಲ್ಲೇ ಇಂಥ ಪ್ರಯತ್ನಗಳಲ್ಲಿ ಇದು ಬಹಳ ಮೊದಲಿನದು.

ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಆಗಲಿಲ್ಲ. ಅವರ ವಾದ: ಎಲ್ಲರಿಗೂ ಶಿಕ್ಷಣ ಕೊಡೋಣ, ಶಾಲೆ ಹೆಚ್ಚಿಸೋಣ, ಆದರೆ ಕೆಲಸಕ್ಕೆ ಆರಿಸುವಾಗ ಅರ್ಹತೆ ಒಂದೇ ನೋಡಬೇಕು, ಇಲ್ಲದಿದ್ದರೆ ಆಡಳಿತದ ಗುಣಮಟ್ಟ ಹೋಗುತ್ತೆ. 1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಬಿಡೋಕೆ ಮುಖ್ಯ ಕಾರಣ ಇದೇ ಅಂತ ಇತಿಹಾಸ ಬರೆದವರು ಹೇಳ್ತಾರೆ.

ಅವರು ಶಿಕ್ಷಣದ ವಿರೋಧಿ ಅಲ್ಲ, ಅದು ಸ್ಪಷ್ಟ. ಆದರೆ ನನಗೆ ಅನ್ನಿಸೋದು ಇಷ್ಟು. 1881ರಲ್ಲಿ ಅವರಿಗೆ ಸಿಕ್ಕಿದ ವಿದ್ಯಾರ್ಥಿವೇತನ ಅರ್ಹತೆಗೂ ಸಿಕ್ಕಿದ್ದು, ಸಹಾಯವಾಗಿಯೂ ಸಿಕ್ಕಿದ್ದು. ಎರಡನ್ನೂ ಬೇರೆ ಮಾಡೋಕೆ ಆಗಲ್ಲ. ಟ್ಯೂಷನ್ ಹೇಳೋಷ್ಟು ಅಕ್ಷರ ಕಲಿಯೋ ಅವಕಾಶವೇ ಇಲ್ಲದ ಮನೆಯ ಹುಡುಗನಿಗೆ, ಹುಡುಗಿಗೆ, ಅರ್ಹತೆ ತೋರಿಸೋ ಜಾಗವಾದರೂ ಎಲ್ಲಿತ್ತು? ದಿವಾನರು ಬಾಗಿಲು ಮಾಡಿದರು. ರಾಜರು ಅದನ್ನು ಅಗಲ ಮಾಡಿದರು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಅರ್ಧ.

6/10

ಕೆ.ಆರ್. ಸರ್ಕಲ್‌ನಿಂದ ಶೇಷಾದ್ರಿ ರಸ್ತೆ ಕಡೆ ಸ್ವಲ್ಪ ನಡೆದರೆ ಇನ್ನೊಂದು ಹಳೇ ಸಂಸ್ಥೆ ಸಿಗುತ್ತೆ: ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಎಲ್ಲರ ಬಾಯಲ್ಲಿ ಎಸ್‌ಜೆಪಿ. 1943ರಲ್ಲಿ ಶುರುವಾದಾಗ ಅದರ ಹೆಸರು ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಅಂದ್ರೆ ಕಸುಬು ಕಲಿಸೋ ಶಾಲೆ.

ಇದರ ಹಿಂದೆಯೂ ವಿಶ್ವೇಶ್ವರಯ್ಯನವರೇ ಇದ್ದಾರೆ. ದಿವಾನಗಿರಿ ಬಿಟ್ಟ ಮೇಲೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಜವಾಬ್ದಾರಿ ಹೊತ್ತು ವರ್ಷಗಟ್ಟಲೆ ದುಡಿದಿದ್ದರು. ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು ತಾವು ತಗೊಳ್ಳದೆ, ಹುಡುಗರಿಗೆ ಕಸುಬು ಕಲಿಸೋ ಒಂದು ಸಂಸ್ಥೆಗೆ ಹಾಕಿ ಅಂದರಂತೆ. ಸಂಸ್ಥೆಗೆ ಅವರ ಹೆಸರಿಡೋಣ ಅಂದಾಗ ಬೇಡ ಅಂದು, ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು ಸೂಚಿಸಿದರಂತೆ.

ನನಗೆ ಈ ಕಥೆಯಲ್ಲಿ ಇಷ್ಟ ಆಗೋದು ಹೆಸರಿನ ವಿಷಯ ಅಲ್ಲ. ಡಿಗ್ರಿ ತನಕ ಹೋಗೋಕೆ ಆಗದ ಮಕ್ಕಳಿಗೂ ಒಂದು ತಾಂತ್ರಿಕ ಶಾಲೆ ಬೇಕು ಅಂತ ಎಂಬತ್ತು ದಾಟಿದ ಮುದುಕರಿಗೆ ಹೊಳೀತಲ್ಲ, ಅದು. ನಾಲ್ಕನೇ ಪೋಸ್ಟಲ್ಲಿ ಹೇಳಿದ ಹೊರಗೆ ನಿಂತವರ ಕಡೆಗೆ ಇದು ಒಂದು ಹೆಜ್ಜೆ.

ಅಲ್ಲಿಂದಾಚೆ ಬೆಂಗಳೂರಿನ ಕಾರ್ಖಾನೆಗಳನ್ನು ನೋಡಿ. ಎಚ್‌ಎಎಲ್ 1940, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಇವುಗಳಿಗೆ ಬಿ.ಇ. ಮಾಡಿದವರೂ ಬೇಕು, ಡಿಪ್ಲೊಮಾದವರೂ ಬೇಕು, ಐಟಿಐ ಸರ್ಟಿಫಿಕೇಟ್‌ನವರೂ ಬೇಕು. ಬೆಳಗ್ಗೆ ಫ್ಯಾಕ್ಟರಿ ಬಸ್ ಹತ್ತಿ, ಸಂಜೆ ಬಂದು ಓದೋ ಒಂದು ಜನಾಂಗವೇ ಈ ಊರಲ್ಲಿ ಹುಟ್ಟಿತು. ಕೆಲಸದಲ್ಲಿರೋ ಡಿಪ್ಲೊಮಾದವರಿಗೆ ಸಂಜೆ ಹೊತ್ತು ಬಿ.ಇ. ಓದೋ ಅವಕಾಶ ಯುವಿಸಿಇಯಲ್ಲೂ ಇತ್ತು.

ಈಗಲೂ ಡಿಪ್ಲೊಮಾ ಮುಗಿಸಿದವರು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಪಕ್ಕದ ಬಾಗಿಲಿಂದ ಬಂದವರು ಅಂತ ಕೆಲವರು ಮೂಗು ಮುರೀತಾರೆ. ವರ್ಕ್‌ಶಾಪಿಗೆ ಹೋದಾಗ ಮಷೀನ್ ಮುಟ್ಟೋ ಧೈರ್ಯ ಯಾರಿಗಿದೆ ಅಂತ ಅವರನ್ನೇ ಕೇಳಿ ನೋಡಿ.

7/10

ಗಂಭೀರ ಆಯ್ತು, ಈಗ ಸ್ವಲ್ಪ ಕ್ಯಾಂಪಸ್ ಸುತ್ತೋಣ.

ಯುವಿಸಿಇ ಕ್ಯಾಂಪಸ್ ದೊಡ್ಡದಲ್ಲ. ಆದರೆ ಊರಿನ ಮಧ್ಯೆ ಇರೋ ಕಾಲೇಜಿಗೆ ಊರೇ ಕ್ಯಾಂಪಸ್. ರಸ್ತೆ ದಾಟಿದರೆ ಕಬ್ಬನ್ ಪಾರ್ಕು. ಅದರೊಳಗೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಲೈಬ್ರರಿ. ಪಕ್ಕದಲ್ಲಿ 1858ರಿಂದ ಇರೋ ಸೆಂಟ್ರಲ್ ಕಾಲೇಜು, ಆಮೇಲೆ ಮಹಾರಾಣಿ ಕಾಲೇಜು, ಎಸ್‌ಜೆಪಿ. ಬೆಳಗ್ಗೆ ಒಂಬತ್ತಕ್ಕೆ ಈ ಬಸ್ ಸ್ಟಾಪಲ್ಲಿ ಇಳಿಯೋ ಸ್ಟೂಡೆಂಟ್ಸ್ ನೋಡಿದರೆ ಯಾರು ಬಿಎಸ್ಸಿ, ಯಾರು ಬಿಕಾಂ, ಯಾರು ಡಿಪ್ಲೊಮಾ ಅಂತ ಹೇಳೋಕೇ ಆಗಲ್ಲ. ಕೈಲಿ ಡ್ರಾಯಿಂಗ್ ಶೀಟಿನ ಕೊಳವೆ ಇದ್ದರೆ ಮಾತ್ರ ಗೊತ್ತಾಗುತ್ತೆ, ಇವರು ಎಂಜಿನಿಯರಿಂಗ್, ಅದೂ ಫಸ್ಟ್ ಇಯರ್ ಅಂತ.

ಕಾಲೇಜಿನ ಹಬ್ಬದ ಹೆಸರು ಮಿಲಾಗ್ರೊ. ಅಲ್ಲಿನ ಐಇಇಇ ವಿದ್ಯಾರ್ಥಿ ಘಟಕ ನಡೆಸೋ ಪ್ರಬಂಧ ಸ್ಪರ್ಧೆಗೆ 'ಕಾಗದ' ಅಂತಾನೇ ಹೆಸರು. ಟೆಕ್ನಿಕಲ್ ಸ್ಪರ್ಧೆಗೆ ಕನ್ನಡದ ಹೆಸರು, ನಂಗಂತೂ ಖುಷಿ ಆಯ್ತು.

ಇಲ್ಲಿ ಓದಿದವರ ಪಟ್ಟಿಯಿಂದ ಒಬ್ಬರನ್ನು ಮಾತ್ರ ಹೇಳ್ತೀನಿ. ರೊದ್ದಂ ನರಸಿಂಹ. ಅವರ ತಂದೆ ಪಕ್ಕದ ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೀತಿದ್ದವರು. ಮಗ ಇಲ್ಲಿ ಮೆಕ್ಯಾನಿಕಲ್ ಓದಿ 1953ರಲ್ಲಿ ಬಿ.ಇ. ಮುಗಿಸಿದರು. ಓದ್ತಿದ್ದಾಗ ಒಂದು ದಿನ ಟಾಟಾ ಇನ್‌ಸ್ಟಿಟ್ಯೂಟ್ ನೋಡೋಕೆ ಹೋಗಿದ್ದರಂತೆ. ಅಂದ್ರೆ ಈಗಿನ ಐಐಎಸ್‌ಸಿ. ಅಲ್ಲಿ ನಿಲ್ಲಿಸಿದ್ದ ಒಂದು ಸ್ಪಿಟ್‌ಫೈರ್ ಯುದ್ಧ ವಿಮಾನ ಕಣ್ಣಿಗೆ ಬಿತ್ತು. ರೈಲ್ವೆ ಕೆಲಸ ಹಿಡಿ, ಭದ್ರವಾಗಿರುತ್ತೆ ಅನ್ನೋ ಕಾಲ ಅದು. ಇವರು ವಿಮಾನದ ಹಿಂದೆ ಹೋದರು. ಸತೀಶ್ ಧವನ್ ಅವರ ಶಿಷ್ಯರಾದರು, ಮುಂದೆ ಎನ್‌ಎಎಲ್ ನಿರ್ದೇಶಕರಾದರು, 2013ರಲ್ಲಿ ಪದ್ಮವಿಭೂಷಣ ಬಂತು.

ಎಸ್.ವಿ. ಸೆಟ್ಟಿಯವರ ಆವ್ರೊ ವಿಮಾನ ನೆನಪಾಯ್ತಾ? ಇಬ್ಬರೂ ಭೇಟಿ ಆಗಿರೋಕೆ ಸಾಧ್ಯವೇ ಇಲ್ಲ. ಆದರೂ ಒಂದೇ ಕಾಲೇಜು.

8/10

ಈಗ ಹೆಸರುಗಳ ಗೊಂದಲ. ಇದನ್ನು ನಿಧಾನವಾಗಿ ಓದಿ, ಪರೀಕ್ಷೆಗೆ ಬಂದರೂ ಬರಬಹುದು!

ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಸೆಂಟ್ರಲ್ ಕಾಲೇಜು, ಈ ಎಂಜಿನಿಯರಿಂಗ್ ಕಾಲೇಜು ಎರಡೂ ಅದರ ಪಾಲಾದವು. ಅದಾದ ಮೇಲೆಯೇ ಕಾಲೇಜಿಗೆ 'ಯುನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್' ಅನ್ನೋ ಹೆಸರು ಬಂದದ್ದು. ಮುಂದೆ ವಿಶ್ವವಿದ್ಯಾಲಯ ಊರಾಚೆ ಜ್ಞಾನಭಾರತಿಯಲ್ಲಿ ದೊಡ್ಡ ಕ್ಯಾಂಪಸ್ ಮಾಡಿತು. ಸಿವಿಲ್ ಮತ್ತು ಆರ್ಕಿಟೆಕ್ಚರ್ ವಿಭಾಗಗಳು ಅಲ್ಲಿಗೆ ಹೋದವು, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ವಿಭಾಗಗಳು ಕೆ.ಆರ್. ಸರ್ಕಲ್‌ನಲ್ಲೇ. ಒಂದೇ ಕಾಲೇಜು, ಎರಡು ಮನೆ.

1998ರಲ್ಲಿ ಇನ್ನೊಂದು ತಮಾಷೆ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳನ್ನೆಲ್ಲಾ ಒಂದೇ ಕಡೆ ತರೋಕೆ ಬೆಳಗಾವಿಯಲ್ಲಿ ವಿಟಿಯು ಶುರು ಮಾಡಿದರು. ಪೂರ್ತಿ ಹೆಸರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಒಂದೊಂದಾಗಿ ಕಾಲೇಜುಗಳು ಅದರ ಕೆಳಗೆ ಬಂದವು. ಯುವಿಸಿಇ ಮಾತ್ರ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಉಳೀತು. ಅಂದ್ರೆ ವಿಶ್ವೇಶ್ವರಯ್ಯನವರ ಹೆಸರಿನ ವಿಶ್ವವಿದ್ಯಾಲಯದಲ್ಲಿ ಅವರು ತೆರೆದ ಕಾಲೇಜೇ ಇರಲಿಲ್ಲ!

ಹಾಗೆ ಉಳಿದದ್ದರ ಪರಿಣಾಮ ಏನು? ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಗುಡ್‌ವಿಲ್ ಬಹಳ ಇತ್ತು, ಫಿಕ್ಸೆಡ್ ಅಸೆಟ್ ಹಳೇದಾಗ್ತಾ ಬಂತು. ಎಂಜಿನಿಯರಿಂಗ್ ಕಾಲೇಜು ಒಂದು ದೊಡ್ಡ ವಿಶ್ವವಿದ್ಯಾಲಯದ ಹಲವು ವಿಭಾಗಗಳಲ್ಲಿ ಒಂದಾದರೆ, ಪ್ರತಿ ಸಣ್ಣ ಖರ್ಚಿಗೂ ಫೈಲು ಮೇಲಕ್ಕೆ ಹೋಗಿ ಬರಬೇಕು. ಸ್ವಾಯತ್ತತೆ ಕೊಡಿ ಅಂತ ಹಳೇ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೇಳಿದರು. ಕೊನೆಗೆ 2021ರ ಕಾಯ್ದೆ ಬಂತು. 2022ರಲ್ಲಿ ಯುವಿಸಿಇ ಐಐಟಿ ಮಾದರಿಯ ಸ್ವತಂತ್ರ ಸಂಸ್ಥೆ ಆಯ್ತು. ಇಂಗ್ಲಿಷ್ ಹೆಸರಲ್ಲಿ ಬದಲಾಗಿದ್ದು ಒಂದೇ ಪದ. 'ಯುನಿವರ್ಸಿಟಿ' ಆದಮೇಲೆ ಒಂದು 'ಆಫ್' ಸೇರಿತು, ಅಷ್ಟೇ. ಆ ಒಂದು ಪದಕ್ಕೆ ಐವತ್ತು ವರ್ಷದ ಮೇಲೆ ಹಿಡೀತು ನೋಡಿ.

9/10

ಈಗ ಮೊದಲ ಪೋಸ್ಟಿನ ಪ್ರಶ್ನೆಗೆ ಉತ್ತರ.

1946ರಲ್ಲಿ ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ ಶುರುವಾದವು. ಅಲ್ಲಿಂದ ಖಾಸಗಿ ಕಾಲೇಜುಗಳ ಕಾಲ. ಇದರಿಂದ ಸಾವಿರಾರು ಮಕ್ಕಳಿಗೆ ಸೀಟು ಸಿಕ್ಕಿತು, ಅದು ನಿಜ. ಜೊತೆಗೆ ಬಾಗಿಲಿಗೆ ಹೊಸದೊಂದು ಬೀಗವೂ ಬಂತು, ದುಡ್ಡಿನ ಬೀಗ. ಕ್ಯಾಪಿಟೇಷನ್ ಶುಲ್ಕ, ಡೊನೇಷನ್ ಅನ್ನೋ ಪದಗಳು ಮನೆಮನೆಯ ಮಾತಾದವು. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ನಿಷೇಧಿಸಿ ಕಾನೂನು ಮಾಡಿತು. ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ದೊಡ್ಡ ಮೊಕದ್ದಮೆಗಳು ನಡೆದವು. 1992ರ ಮೋಹಿನಿ ಜೈನ್ ಪ್ರಕರಣ ಕರ್ನಾಟಕದ್ದೇ. 1994ರಿಂದ ಸಿಇಟಿ ಬಂತು. ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್ ಪಟ್ಟಿ.

ಇನ್ನೊಂದು ಕಡೆ ಮಿಲ್ಲರ್ ಸಮಿತಿಯ ದಾರಿ ಮುಂದುವರೀತು. ದೇವರಾಜ ಅರಸರು ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಸೀಟಿನ ಪಟ್ಟಿಯಲ್ಲಿ ನಾವು ಇವತ್ತು ನೋಡೋ ಪ್ರವರ್ಗಗಳ ಹಿಂದೆ ಈ ಇತಿಹಾಸ ಇದೆ.

ನಾನು ಪಿಯುಸಿಯಲ್ಲಿ ಸೈನ್ಸ್ ಓದಿದವಳು. ಸಿಇಟಿ ಬರೆದೆ. ನನ್ನ ರ‍್ಯಾಂಕಿಗೆ ಸರ್ಕಾರಿ ಕಾಲೇಜಲ್ಲಿ ಸೀಟು ಬರಲಿಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೆ ಒಂದು ಕಡೆ ವಿಚಾರಿಸಿದಾಗ ಹೇಳಿದ ಮೊತ್ತ ಕೇಳಿ ಅಪ್ಪ ಏನೂ ಮಾತಾಡಲಿಲ್ಲ. ಬಸ್ಸಲ್ಲಿ ವಾಪಸ್ ಬರುವಾಗ "ಕಾಫಿ ಕುಡೀತೀಯಾ ಮಗಾ?" ಅಂದರು, ಅಷ್ಟೇ. ಮುಂದಿನ ವಾರ ನಾನೇ ಬಿಕಾಂ ಫಾರಂ ತಂದೆ. ಈಗ ಬೇಜಾರಿಲ್ಲ, ಅಕೌಂಟ್ಸ್ ನಂಗೆ ನಿಜವಾಗಲೂ ಇಷ್ಟ. ಆದರೆ ದಿನಾ ಬಸ್ಸಲ್ಲಿ ಆ ಗೇಟು ದಾಟುವಾಗ ಕಣ್ಣು ಆ ಕಡೆ ಹೋಗುತ್ತೆ.

ಹಾಗಂತ ನನಗಿಂತ ಕಡಿಮೆ ಅಂಕ ತಗೊಂಡು ಸೀಟು ಪಡೆದವರ ಮೇಲೆ ಕೋಪ ಇದೆಯಾ? ಒಂದು ವರ್ಷ ಇತ್ತು, ಸುಳ್ಳು ಹೇಳಲ್ಲ. ಈ ಸೀರೀಸ್‌ಗೆ ಅಂತ ಓದೋಕೆ ಕೂತಾಗ ಲೆಕ್ಕ ಬೇರೆ ಕಾಣಿಸ್ತು. ನನ್ನನ್ನು ಆಚೆ ನಿಲ್ಲಿಸಿದ್ದು ಅವರಲ್ಲ. ಸರ್ಕಾರಿ ಸೀಟು ಕಡಿಮೆ, ಹೊರಗೆ ಸೀಟಿನ ಬೆಲೆ ಜಾಸ್ತಿ. ಆ ಸಾಲಲ್ಲಿ ನಾವಿಬ್ಬರೂ ಒಂದೇ ಕಡೆ ನಿಂತಿದ್ವಿ.

10/10

ಕೊನೆಗೆ ನಿಮಗೊಂದು ಕೆಲಸ.

ಮೆಟ್ರೋ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ಕಡೆಯಿಂದ ಮೆಜೆಸ್ಟಿಕ್ ಕಡೆ ಹೋಗುವಾಗ ಅನೌನ್ಸ್‌ಮೆಂಟ್ ಕೇಳಿಸ್ಕೊಳ್ಳಿ. ಮೊದಲು ಬರೋದು 'ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ'. ಅದಾದ ತಕ್ಷಣ 'ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು'. ಈ ಎರಡು ನಿಲ್ದಾಣದ ನಡುವೆ ಮೇಲ್ಗಡೆ ಇರೋದೇ ಕೆ.ಆರ್. ಸರ್ಕಲ್, ಅದರ ಪಕ್ಕ ನಮ್ಮ ಈ ಕಾಲೇಜು.

ಅರ್ಹತೆ ಒಂದೇ ನೋಡಿ ಅಂದವರ ಹೆಸರು ಒಂದು ನಿಲ್ದಾಣಕ್ಕೆ. ಅವಕಾಶವೇ ಸಿಗದವರಿಗೆ ಮೀಸಲಾತಿ ಬೇಕು ಅಂತ ಸಂವಿಧಾನದಲ್ಲಿ ಜಾಗ ಮಾಡಿಕೊಟ್ಟವರ ಹೆಸರು ಇನ್ನೊಂದು ನಿಲ್ದಾಣಕ್ಕೆ. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚೋ ರೀಲ್ಸ್ ಬೇಕಾದಷ್ಟಿವೆ. ಆದರೆ ಒಂದು ವಿಷಯ ಇಬ್ಬರದ್ದೂ ಒಂದೇ. ವಿಶ್ವೇಶ್ವರಯ್ಯನವರು ಪೂನಾಗೆ ಹೋದದ್ದು ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ. ಅಂಬೇಡ್ಕರ್ ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ. ಇಬ್ಬರ ಬುದ್ಧಿಗೂ ಯಾರೋ ಒಬ್ಬರು ದುಡ್ಡು ಕಟ್ಟಿದ್ದರು. ಅಂಬೇಡ್ಕರ್ ಅವರಿಗೆ ದುಡ್ಡಿನ ಬೀಗದ ಜೊತೆ ಜಾತಿಯ ಬೀಗವೂ ಇತ್ತು, ಅಷ್ಟು ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸ ಅಲ್ಲ.

ಈಗ ಯುವಿಸಿಇ ಹೊಸದಾಗಿ ಶುರು ಮಾಡ್ತಿದೆ. ಐಐಟಿ ಮಾದರಿ ಅಂದಾಗ ಎಲ್ಲರೂ ಹೊಸ ಲ್ಯಾಬು, ಹೊಸ ಕಟ್ಟಡ, ಹೊಸ ಕೋರ್ಸು ಕೇಳ್ತಾರೆ. ಕೇಳಬೇಕು, ನೂರು ವರ್ಷದ ಕಾಲೇಜಿಗೆ ಅದು ಸಿಗಬೇಕಾದ್ದೇ. ಜೊತೆಗೆ ನಾವು ಇನ್ನೊಂದೂ ಕೇಳೋಣ: ಫೀಸ್ ಎಷ್ಟು? ವಿದ್ಯಾರ್ಥಿವೇತನ ಎಷ್ಟು ಜನಕ್ಕೆ? ಹಳ್ಳಿಯಿಂದ ಬಂದವರಿಗೆ ಹಾಸ್ಟೆಲ್ ಸಿಗುತ್ತಾ? ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್ ದಾಟೋಕೆ ಯಾರು ಕೈ ಹಿಡೀತಾರೆ? ಒಂದು ಸರ್ಕಾರಿ ಕಾಲೇಜು ಎಷ್ಟು ಒಳ್ಳೇದು ಅಂತ ತಿಳಿಯೋಕೆ ನಾನಂತೂ ಮೊದಲು ಈ ನಾಲ್ಕು ಉತ್ತರ ನೋಡ್ತೀನಿ.

ನಿಮ್ಮ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಯಾರು? ಅವರ ಫೀಸು ಯಾರು ಕಟ್ಟಿದರು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ. ಉತ್ತರ ಬಂದ್ರೆ ನನಗೂ ಹೇಳಿ, ಕಾಯ್ತಿರ್ತೀನಿ.

#ಯುವಿಸಿಇ #ಕೆಆರ್‌ಸರ್ಕಲ್ #ಬೆಂಗಳೂರುಇತಿಹಾಸ #ಬಸ್‌ಕಿಟಕಿಯಿಂದ #ಬಾಗಿಲಿನಕಥೆ